ಎಂಟನೆಯ ಮಹಡಿಯ ಬಿಸಿಲು

ಕುಮಟೆಯ ಹೆದ್ದಾರಿ ಬದಿಯ ಹನುಮಕ್ಕನ ಅಂಗಳವೆಂದರೆ ಬೇಸಿಗೆಯಲ್ಲಿ ಹಪ್ಪಳದ ಅಂಗಳ. ಗಂಡ ತೀರಿಕೊಂಡ ಮೇಲೆ ಅವಳು ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿ ಮದುವೆ ಮಾಡಿದ್ದು ಹಲಸಿನ ಹಪ್ಪಳ ಮಾರಿಯೇ. ನೆರೆಹೊರೆಯ ಹೆಂಗಸರು ಬೆಳಗಾಗುವ ಮೊದಲೇ ಕೂಡಿ, ಹಿಟ್ಟು ಕುಟ್ಟಿ, ಹಾಡುತ್ತ ಹಪ್ಪಳ ಒತ್ತುವರು. ಎಳೆಬಿಸಿಲು ಬೀಳುವ ಹೊತ್ತಿಗೆ ಚಾಪೆಗಳು ತುಂಬಿರುತ್ತಿದ್ದವು.

ಈ ಸಲ ಆ ಬಿಸಿಲೇ ತಪ್ಪಿತು. ಅಂಗಳದ ಮೂಡಲಿಗೆ ಶ್ರೀಧರನ ಲಾರಿ ಕಂಪನಿಯ ಹೊಸ ಮುಖ್ಯ ಕಚೇರಿ ಏಳುತ್ತಿತ್ತು. ಏಳನೆಯ ಮಹಡಿ ಮುಗಿದಾಗ, ಹೊತ್ತೇರಿದರೂ ಚಾಪೆಗಳು ನೆರಳಿನಲ್ಲೇ ಇದ್ದವು. ಮಧ್ಯಾಹ್ನವಾದರೆ ಮೋಡ ಕಟ್ಟುವ ಕಾಲ. ಹಪ್ಪಳಕ್ಕೆ ಬೂಷ್ಟು ಹಿಡಿಯಿತು. ಹನುಮಕ್ಕ ಅಷ್ಟನ್ನೂ ಗೊಬ್ಬರದ ಗುಂಡಿಗೆ ಸುರಿದು ಬಂದಳು.

ಹೊನ್ನಾವರದ ಎದುರಾಳಿ ಕಂಪನಿಯದು ಏಳು ಮಹಡಿ. ಅದಕ್ಕೇ ಶ್ರೀಧರನಿಗೆ ಎಂಟು ಬೇಕಿತ್ತು. ಅವನು ಕೆಲಸ ನೋಡಲು ಬಂದಾಗ ಹನುಮಕ್ಕ ಬೇಲಿಯ ಬಳಿ ಕಾದು ನಿಂತಿದ್ದಳು.

"ತಮಾ, ಇನ್ನೂ ಎಷ್ಟು ಮೇಲೆ ಹೋಗ್ತಿಯೊ?"

"ಇನ್ನೊಂದೇ ಮಹಡಿ, ಹನುಮಕ್ಕ. ಭಟ್ಕಳದವ್ರೂ ಬಂದು ನೋಡ್ಬೇಕು!"

"ಆತು, ಕಟ್ಟು. ನನ್ನ ಬಿಸ್ಲು ಎಲ್ಲಿಟ್ಟೆ?"

ಶ್ರೀಧರ ನಕ್ಕ. "ಒಣಗಿಸೂ ಮಿಶನ್ನು ತರಿಸಿಕೊಡ್ತೆ."

"ಮಿಶನ್ನು ನೀನೇ ಇಟ್ಕೊ. ನಿನ್ನ ಆಯಿ ಇದೇ ಜಗಲಿ ಮೇಲೆ ನನ್ನ ಸಂಗ್ತಿಗೆ ಹಪ್ಪಳ ಒತ್ತಿದ್ದು. ನೀನು ಹಿಟ್ಟಿನುಂಡೆ ಕದ್ದು ತೆಂಗಿನೆಣ್ಣೆಲಿ ಅದ್ದಿ ತಿಂತಿದ್ದೆ. ಈಗ ದೊಡ್ಡ ಸಾವ್ಕಾರ!"

ತಾಯಿ ಮಾಲತಿ ತೀರಿಕೊಂಡು ಬಹಳ ಕಾಲವಾಗಿರಲಿಲ್ಲ. ಶ್ರೀಧರ ಬೇಲಿ ದಾಟಿ ಬಂದು, ಚಾಪೆಯ ಮೇಲೆ ಹೊಸದಾಗಿ ಹರಡಿದ್ದ ಮೆತ್ತನೆಯ ಹಪ್ಪಳವೊಂದನ್ನು ಎತ್ತಿ ಮೂಸಿ ನೋಡಿದ.

"ಎಂಟನೇದು ಬಿಡೂಕೆ ಆಗೂದಿಲ್ಲ, ಅಕ್ಕಾ," ಎಂದ ಕೊನೆಗೆ. "ಆದ್ರೆ ಅದರ ಮೇಲಿನ ಬಿಸ್ಲು ಪೂರಾ ನಿಂದೇ. ಲಿಫ್ಟು ಹಾಕಿಸ್ತೆ."

"ಅದು ನಡು ದಾರಿಲಿ ನಿಂತ್ರೆ?"

"ನಾನೂ ಸಂಗ್ತಿಗೆ ಬತ್ತೆ."

ಎಂಟನೆಯದರ ಕೆಲಸವನ್ನು ಅವನು ಮಳೆಗಾಲದ ಆಚೆಗೆ ಹಾಕಿದ. ಆ ವರ್ಷದ ಉಳಿದ ಹಪ್ಪಳವನ್ನು ಅವನ ಆಳುಗಳೇ ಏಳನೆಯ ಮಹಡಿಯ ಮೇಲೆ ಹೊತ್ತೊಯ್ದು ಹರಡಿದರು.

ಮರುವರ್ಷ ಮೇ ತಿಂಗಳಲ್ಲಿ ಉದ್ಘಾಟನೆ. ಸಮುದ್ರ ತೋರಿಸಲೆಂದು ಶ್ರೀಧರ ಅತಿಥಿಗಳನ್ನು ತಾರಸಿಗೆ ಕರೆದೊಯ್ದ. ಅಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಲ್ಲೆಲ್ಲೂ ಹಪ್ಪಳ, ನಡುವೆ ಹನುಮಕ್ಕ.

"ಬೂಟು ತೆಗೀರಿ!" ಎಂದಳು ಅವಳು.

ಕೋಟು ತೊಟ್ಟ ಹಿರಿಯರೆಲ್ಲ ಬೂಟು ಬಿಚ್ಚಿ ಗೋಡೆಗೆ ಒತ್ತಿಕೊಂಡು ನಿಂತರು. ಅಷ್ಟರಲ್ಲಿ ಎರಡು ಕಾಗೆಗಳು ಇಳಿದವು. ಕಂಪನಿಯ ಅಧ್ಯಕ್ಷ ಶ್ರೀಧರನೇ ಹೆಗಲ ಮೇಲಿನ ರೇಷ್ಮೆ ಶಲ್ಯವನ್ನು ತೆಗೆದು, "ಹೂಶ್! ಹೂಶ್!" ಎಂದು ಬೀಸುತ್ತ ಬರಿಗಾಲಲ್ಲಿ ಓಡಿದ.

"ಆ ಬದಿಗೂ ನೋಡು, ತಮಾ," ಎಂದಳು ಹನುಮಕ್ಕ.