ಬಾವಿಯ ಹಾಜರಿ

ಆಲಮೇಲದ ಹಾದಿಯಲ್ಲಿರುವ ನಮ್ಮ ಹೊಲದ ಬಾವಿಯ ನೀರು ಹಸಿರು. ಒಂದು ಮೊಳದ ಕೆಳಗೆ ಏನಿದೆ, ಯಾರಿದ್ದಾರೆ ಎಂಬುದು ಕಾಣುತ್ತಿರಲಿಲ್ಲ. ಆದ್ದರಿಂದ ನಮ್ಮವ್ವ ಒಂದು ಪದ್ಧತಿ ಹಾಕಿದ್ದಳು. ಮಕ್ಕಳು ಈಸುವಾಗ ದೊಡ್ಡವರೊಬ್ಬರು ಮೇಲಿನ ಮೆಟ್ಟಿಲ ಮೇಲೆ ಕೂಡಬೇಕು. ಯಾರಾದರೂ ಜಿಗಿದು ಮುಳುಗಿದರೆ, ಕೂತವರು “ಬಂದ್ಯೇನ?” ಎಂದು ಕೂಗಬೇಕು. ಮುಳುಗಿದವರು ತಲೆ ಎತ್ತಿದೊಡನೆ “ಬಂದೇನಿ!” ಎನ್ನಬೇಕು. ಆ ಉತ್ತರ ಬರುವ ತನಕ ಇನ್ನೊಬ್ಬರು ಜಿಗಿಯುವಂತಿಲ್ಲ.

ಪದ್ಧತಿಗಳೆಂದರೆ ನನಗೆ ಮೊದಲಿನಿಂದಲೂ ಪ್ರೀತಿ. ಇಂಡಿ ಊರಿನ ಪ್ರೌಢಶಾಲೆಯಲ್ಲಿ ಕನ್ನಡ ಮಾಸ್ತರನಾದ ಮೇಲೆ, ಬೇಸಿಗೆ ರಜೆಗೆ ಹೊಲಕ್ಕೆ ಹೋದಾಗ ಮೇಲಿನ ಮೆಟ್ಟಿಲು ನನ್ನದೇ ಆಯಿತು. ಜಿಗಿಯುವವರ ಸರದಿಯನ್ನು ಅಕಾರಾದಿಯಾಗಿ ಗೊತ್ತುಮಾಡಿದೆ. ಅಣ್ಣ ಬಂದವರಿಗೆಲ್ಲ ಹೇಳುತ್ತಿದ್ದ: “ನಮ್ಮ ತಮ್ಮ ನೀರಿಗಿಳದದ್ದು ಕಡಿಮಿ, ಹಾಜರಿ ಹಿಡದದ್ದು ಬಾಳ.” ಇದರಲ್ಲಿ ಉತ್ಪ್ರೇಕ್ಷೆ ಇರಲಿಲ್ಲ. ನಾನು ಸೊಂಟಮಟ್ಟಕ್ಕಿಂತ ಆಳಕ್ಕೆ ಹೋದವನಲ್ಲ.

ಅಣ್ಣನ ಮಗಳು ಮಾತ್ರ ನನ್ನ ಅಕಾರಾದಿಯನ್ನು ಎಂದೂ ಲೆಕ್ಕಕ್ಕೆ ಹಿಡಿಯಲಿಲ್ಲ. ಮೋಟಾರು ಮನೆಯ ಛಾವಣಿಯಿಂದ ಬಾವಿಗೆ ಜಿಗಿಯುತ್ತಿದ್ದಳು. ಅವಳನ್ನು ಒಮ್ಮೆ ಕಂಡ ಸಿಂದಗಿಯ ವ್ಯಾಯಾಮದ ಮಾಸ್ತರರೊಬ್ಬರು ಬೆಂಗಳೂರಿನ ಕ್ರೀಡಾ ವಸತಿನಿಲಯಕ್ಕೆ ಅರ್ಜಿ ಹಾಕಿಸಿದರು. ಐದಾರು ವರ್ಷ ಕಳೆದವು. ಎರಡು ಸಾವಿರದ ಇಸವಿ ದಾಟಿದ ಮೇಲೆ, ಹೈದರಾಬಾದಿನಲ್ಲಿ ನಡೆಯಲಿದ್ದ ಅಂತರರಾಷ್ಟ್ರೀಯ ಜಲಕ್ರೀಡಾ ಸ್ಪರ್ಧೆಗೆ ಹೊರಟ ನಮ್ಮ ದೇಶದ ತಂಡದಲ್ಲಿ ಅವಳ ಹೆಸರಿತ್ತು. ಎತ್ತರದ ಹಲಗೆಯಿಂದ ಜಿಗಿಯುವುದು ಅವಳ ವಿಭಾಗ. ಸ್ಪರ್ಧೆ ನಮ್ಮ ನೆಲದಲ್ಲಿಯೇ ನಡೆಯುತ್ತಿದ್ದುದರಿಂದ ಒಬ್ಬರನ್ನು ಹೆಚ್ಚಿಗೆ ಇಳಿಸಬಹುದಾಗಿತ್ತಂತೆ. ಆ ಹೆಚ್ಚಿನ ಒಬ್ಬಳೇ ನಮ್ಮವಳು. ತರಬೇತಿ ಕೊಡುವ ಮೇಡಂ ಸ್ಪಷ್ಟವಾಗಿ ಹೇಳಿದ್ದರು: ಇಲ್ಲಿ ಚೆನ್ನಾಗಿ ಮಾಡಿದರೆ ತಂಡದ ಶಿಬಿರದಲ್ಲಿ ಉಳಿಯುತ್ತೀ, ಇಲ್ಲದಿದ್ದರೆ ಪೆಟ್ಟಿಗೆ ಕಟ್ಟಿಕೊಂಡು ಊರಿಗೆ. ಹುಡುಗಿ ಫೋನಿನಲ್ಲಿ ಇಷ್ಟು ಹೇಳಿ, ಕೊನೆಗೆ ಸಣ್ಣ ದನಿಯಲ್ಲಿ “ಆಯಿನ್ನ ಕರಕೊಂಡು ಬಾ ಕಾಕಾ” ಎಂದಳು. ಆಯಿ ಎಂದರೆ ಅವಳ ಅಜ್ಜಿ, ನಮ್ಮವ್ವ.

ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಪುಡಿಯ ಗಂಟಿನೊಡನೆ ನಾವಿಬ್ಬರು ಸಿಂದಗಿಯಲ್ಲಿ ಬಸ್ಸು ಹತ್ತಿದೆವು. ಹೈದರಾಬಾದಿನ ಈಜುಕೊಳ ಕಂಡೊಡನೆ ಅವ್ವ ನಿಂತುಬಿಟ್ಟಳು.

“ತಮ್ಮಾ, ತಳಾ ಕಾಣತೈತಲ್ಲೋ! ಇದೆಂಥಾ ನೀರು?”

“ಶುದ್ಧ ಮಾಡಿದ ನೀರವ್ವ.”

“ಹೌದೇನು? ಮೀನೂ ಇಲ್ಲ, ಆಮಿನೂ ಇಲ್ಲ. ಪಾಪ.”

ನನ್ನ ಕಣ್ಣು ಗೋಡೆಯ ಫಲಕದ ಮೇಲಿತ್ತು. ಜಿಗಿತದ ವೇಳೆ ಪ್ರೇಕ್ಷಕರು ಮೌನವಾಗಿರಬೇಕು ಎಂದು ಅದರಲ್ಲಿ ಬರೆದಿತ್ತು. ಇಂಥ ಫಲಕವನ್ನು ನನ್ನ ಶಾಲೆಯಲ್ಲಿ ಹಾಕಿಸಲು ನಾನು ಎಷ್ಟೋ ವರ್ಷ ಹೆಣಗಿದ್ದೆ. ಅವ್ವನನ್ನು ಕೂಡಿಸಿ ತಿಳಿಸಿ ಹೇಳಿದೆ: “ಇಲ್ಲಿ ಕರಿಯೂದು, ಒದರೂದು ನಡಿಯಾಂಗಿಲ್ಲ. ಮುಗಿಯೂತನಕ ಬಾಯಿ ಬಿಚ್ಚಬ್ಯಾಡ.” ಅವ್ವ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಕೂತಳು.

ಮೊದಲು ಹೊರದೇಶದ ಹುಡುಗಿಯೊಬ್ಬಳು ಹಲಗೆಯಿಂದ ಮೇಲೆದ್ದು, ಗಾಳಿಯಲ್ಲಿ ಎರಡು ಸುತ್ತು ಸುತ್ತಿ, ಸೂಜಿಯಂತೆ ನೀರಿಗಿಳಿದಳು. ಒಂದು ಹನಿಯೂ ಹೊರಗೆ ಬೀಳಲಿಲ್ಲ. ಏಳು ಮಂದಿ ತೀರ್ಪುಗಾರರು ಭರ್ತಿ ಅಂಕ ಕೊಟ್ಟರು. ಸುತ್ತಲಿನವರೆಲ್ಲ ಎದ್ದು ಚಪ್ಪಾಳೆ ತಟ್ಟಿ ಕೂಗಿದರು. ಫಲಕ ಓದಿಯೂ ಪಾಲಿಸದ ಈ ಜನರ ಅಶಿಸ್ತಿಗೆ ನಾನು ಮರುಗಿದೆ. ಅವ್ವ ಸೆರಗಿನ ಮರೆಯಿಂದ ಪಿಸುಗುಟ್ಟಿದಳು: “ಪಾಪ, ನೀರಽ ಹಾರಲಿಲ್ಲ ನೋಡು.”

ನಮ್ಮ ಬಾವಿಯ ಶಾಸ್ತ್ರವೇ ಬೇರೆ. ಅಲ್ಲಿ ಮೇಲಿನ ಮೆಟ್ಟಿಲಲ್ಲಿ ಕೂತವರ ಧೋತರ ತೊಯ್ಯುವಂತೆ ಯಾರು ನೀರು ಹಾರಿಸುವರೋ ಅವರೇ ಶೂರರು.

ನಮ್ಮ ಹುಡುಗಿಯ ಸರದಿ ಬಂತು. ಜಿಗಿತವೇನೋ ಸರಿಯಾಗಿಯೇ ಮೊದಲಾಯಿತು, ಆದರೆ ಕಾಲು ಅಗಲವಾಗಿ ನೀರು ಧಡಲ್ಲೆಂದಿತು. ಅವ್ವನ ಮುಖ ಅರಳಿತು. ತೀರ್ಪುಗಾರರು ಅರ್ಧಕ್ಕರ್ಧ ಅಂಕ ಕತ್ತರಿಸಿದರು. ಹುಡುಗಿ ನೀರಿನಿಂದ ತಲೆ ಎತ್ತಿದವಳೇ ನಮ್ಮ ಕಡೆಗೆ ನೋಡಿದಳು. ನಾನು ತುಟಿಯ ಮೇಲೆ ಬೆರಳಿಟ್ಟು, ಶಿಸ್ತಿನಿಂದ ಕೂತಿದ್ದೇವೆ ಎಂದು ಸನ್ನೆ ಮಾಡಿದೆ. ಎರಡನೆಯ ಜಿಗಿತ ಇನ್ನೂ ಕೆಟ್ಟಿತು. ನೀರು ಅದಕ್ಕಿಂತ ಹೆಚ್ಚು ಹಾರಿತು. ಅವ್ವನ ಸಂತೋಷಕ್ಕೆ ಪಾರವಿರಲಿಲ್ಲ. ಅಂಕಪಟ್ಟಿಯಲ್ಲಿ ನಮ್ಮವಳ ಹೆಸರು ಎಲ್ಲರಿಗಿಂತ ಕೆಳಗಿತ್ತು. ಆಚೆ ದಡದಲ್ಲಿ ಮೇಡಂ ಕೈಕಟ್ಟಿ ನೆಲ ನೋಡುತ್ತಿದ್ದರು. ಆ ನಿಲುವು ನನಗೆ ಗೊತ್ತು. ಹುಡುಗ ಪಾಸಾಗುವುದಿಲ್ಲ ಎಂದು ಮನಸ್ಸಿನಲ್ಲಿ ಬರೆದು ಮುಗಿಸಿದ ಮಾಸ್ತರರು ಹಾಗೆ ನಿಲ್ಲುತ್ತಾರೆ.

ನಡುವಿನ ಬಿಡುವಿನಲ್ಲಿ ಹುಡುಗಿ ಟವೆಲ್ ಹೊದ್ದುಕೊಂಡು ನಮ್ಮ ಕಟಕಟೆಯ ಬಳಿಗೆ ಬಂದಳು.

“ಆಯಿ, ಸಿಟ್ಟಾಗಿಯೇನು? ಯಾಕ ಕರ್ಯಾಕತ್ತಿಲ್ಲ? ಮ್ಯಾಲ ಬಂದಾಗ ಕಣ್ಣಾಗ ನೀರು, ಯಾರೂ ಕಾಣಂಗಿಲ್ಲ, ದನಿನೂ ಇಲ್ಲ. ನೀವು ಎದ್ದು ಹ್ವಾದ್ರಿ ಅನಕೊಂಡೆ.”

ಅವ್ವ ಬಾಯಿ ಬಿಚ್ಚಲಿಲ್ಲ, ಕಣ್ಣಿನಿಂದ ನನ್ನನ್ನು ತೋರಿಸಿದಳು. ನಾನು ಫಲಕ ತೋರಿಸಿದೆ.

“ಕಾಕಾ, ಅದು ನೀರಿಗಿ ಬೀಳೂತನಕ! ಬಿದ್ದಮ್ಯಾಗ ಎಲ್ಲಾರೂ ಒದರತಾರ. ನೋಡವಲ್ಲೀ?”

ಪ್ರಶ್ನೆಯನ್ನು ಪೂರ್ತಿ ಓದಿ ಉತ್ತರ ಬರೆಯಿರಿ ಎಂದು ವರ್ಷಗಟ್ಟಲೆ ಹೇಳಿದವನು ನಾನು. ಆದರೂ ಒಂದು ಸಮಜಾಯಿಷಿ ಕೊಟ್ಟೆ: “ಅಲ್ಲ ಕೂಸ, ನೀರು ತಿಳಿ ಐತಿ. ನೀ ಮ್ಯಾಲ ಬಂದದ್ದು ನಮಗ ಕಾಣತೈತಿ. ಕರಿಯೂದ್ಯಾಕ?”

ಅವ್ವ ಅಂದು ಮೊದಲ ಬಾರಿಗೆ ಗಟ್ಟಿಯಾಗಿ ಮಾತಾಡಿದಳು: “ನಮಗ ಅಕಿ ಕಾಣತಾಳಪ್ಪಾ. ಅಕಿಗಿ ನಾವು ಕಾಣತೇವೇನು?”

ಹುಡುಗಿ ಕಣ್ಣೊರೆಸಿಕೊಂಡು ಹಲಗೆಯ ಕಡೆಗೆ ಹೊರಟಳು. “ಅವ್ವ, ಹಂಗಾರ ನೀನಽ ಕರಿ” ಎಂದೆ ನಾನು ತಗ್ಗಿದ ದನಿಯಲ್ಲಿ.

“ನಾ ಒಲ್ಲೆ. ಬಾಯಿ ಮುಚ್ಚಿಸಿದಂವಾ ನೀನು, ನೀನಽ ಕರಿ. ಹಾಜರಿ ಹಿಡಿಯೂ ಮಾಸ್ತರ ಅಲ್ಲೇನು?”

ಮೂರನೆಯ ಜಿಗಿತ. ಹುಡುಗಿ ಮೇಲೆದ್ದು, ಮಡಿಚಿಕೊಂಡು, ಬಿಚ್ಚಿಕೊಂಡು ಒಳಗೆ ಹೋದಳು. ನಾನು ಎದ್ದು ನಿಂತೆ. ಸುತ್ತ ಕೋಟು ತೊಟ್ಟವರು, ಪರದೇಶದವರು, ಟಿ.ವಿ. ಕ್ಯಾಮೆರಾಗಳು. ನೀರಿನ ಮೇಲೆ ಕರಿ ತಲೆ ಕಂಡೊಡನೆ ಕಣ್ಣು ಮುಚ್ಚಿ ಕೂಗಿದೆ:

“ಬಂದ್ಯೇನ?”

ಚಪ್ಪಾಳೆ ಇನ್ನೂ ಆರಂಭವಾಗಿರಲಿಲ್ಲ. ನನ್ನ ದನಿ ಆ ಮಂಟಪದ ತಗಡಿಗೆ ಬಡಿದು ಎರಡು ಸಲ ಮರಳಿ ಬಂತು. ಏಳೂ ತೀರ್ಪುಗಾರರು ತಿರುಗಿ ನೋಡಿದರು.

“ಬಂದೇನಿ ಕಾಕಾ!”

ಅಂಕಗಳು ಏರಿದವು. ನಾಲ್ಕನೆಯ ಜಿಗಿತಕ್ಕೆ ಅವ್ವ ತಡೆಯಲಾರದೆ ತಾನೂ ದನಿಗೂಡಿಸಿದಳು. ಐದನೆಯದಕ್ಕೆ ಹಿಂದಿನ ಸಾಲಿನಲ್ಲಿದ್ದ ಯಾರೋ ಸರದಾರ್‌ಜಿ, ಅರ್ಥ ತಿಳಿಯದಿದ್ದರೂ, ನಮಗಿಂತ ಮೊದಲೇ “ಬಂದ್ಯೇನ?” ಎಂದುಬಿಟ್ಟ. ಆ ಕೊನೆಯ ಜಿಗಿತದಲ್ಲಿ ಹುಡುಗಿ ನೀರೊಳಗೆ ಹೋದದ್ದು ಕಂಡಿತೇ ಹೊರತು ಸದ್ದು ಕೇಳಲಿಲ್ಲ.

ಪದಕವೇನೂ ಬರಲಿಲ್ಲ. ಹನ್ನೊಂದು ಜನರಲ್ಲಿ ಒಂಬತ್ತನೆಯವಳಾದಳು. ಮೇಡಂ ನಮ್ಮ ಬಳಿಗೆ ಬಂದು ಬೆಂಗಳೂರಿನ ಕನ್ನಡದಲ್ಲಿ ಹೇಳಿದರು: “ಕೊನೇ ಮೂರು ಜಿಗಿತ ನೋಡಿದೆ, ಸಾಕು. ಶಿಬಿರದಲ್ಲೇ ಇರ್ತಾಳೆ. ಆದ್ರೆ ಸಾರ್, ನೀವು ಸ್ವಲ್ಪ ಮೆತ್ತಗೆ ಕೂಗಬಹುದು.” ನನ್ನ ಜೀವನದಲ್ಲಿ ಗದ್ದಲ ಮಾಡಿದ್ದಕ್ಕೆ ನಾನು ಬೈಸಿಕೊಂಡದ್ದು ಅದೊಂದೇ ಬಾರಿ.

ಮರಳಿ ಬರುವಾಗ ಬಸ್ಸು ಕಲಬುರಗಿ ದಾಟಿತು. ಅವ್ವ ರೊಟ್ಟಿಯ ಗಂಟು ಬಿಚ್ಚುತ್ತ ನಿಟ್ಟುಸಿರುಬಿಟ್ಟಳು.

“ಮದಲ ಎರಡು ಸಲ ಎಷ್ಟು ಚಂದ ಬಿದ್ದಿತ್ತು ಕೂಸು. ಕಡೀಕ ನೀರಽ ಹಾರಲಿಲ್ಲ. ಆದ್ರೂ ಇಟಗೊಂಡ್ರಲ್ಲ, ಆ ಮೇಡಂ ಬಾಳ ಚಲೋ ಅದಾಳ ತಮ್ಮಾ.”