ಕಾಗೆ ಹೊಡೆಯುವ ಬಂದೂಕು

ನಮ್ಮೂರು ವಲಾಂಡಿಯಲ್ಲಿ ಬಾವಿಯ ಪಕ್ಕದ ನಮ್ಮ ಹೊಲಕ್ಕೆ ಸೇಂಗಾ ಹಾಕಿದ ವರ್ಷವೆಲ್ಲ ನರಿಗಳಿಗೆ ಹಬ್ಬ. ಕಾಯಿ ಬಲಿಯುವ ಹೊತ್ತಿಗೆ ಸರಿಯಾಗಿ ಬಂದು, ಬಳ್ಳಿ ಕಿತ್ತು, ನಮಗಿಂತ ಅಚ್ಚುಕಟ್ಟಾಗಿ ಬಿಡಿಸಿ ತಿಂದು ಹೋಗುತ್ತಿದ್ದವು. ಪಕ್ಕದ ಹೊಲದವರ ಹತ್ತಿರ ಬಾಯಿಯಿಂದ ಮದ್ದು ತುಂಬುವ ಹಳೆಯ ಬಂದೂಕಿತ್ತು. ಅದನ್ನು ಹಾರಿಸಿದರೆ ಹೊಗೆಯಲ್ಲಿ ನರಿಯೂ ಕಾಣುತ್ತಿರಲಿಲ್ಲ, ಹಾರಿಸಿದವನೂ ಕಾಣುತ್ತಿರಲಿಲ್ಲ. ಚರೆ ಹೊಲದ ತುಂಬ ಚೆಲ್ಲುತ್ತಿತ್ತು. ನಮ್ಮ ಎತ್ತುಗಳು ಕಣ್ಣಿ ಹರಿದುಕೊಂಡು ಓಡುತ್ತಿದ್ದವು. ನನಗೆ ಬೇಕಾದದ್ದು ಬೇರೆ: ಸಣ್ಣ ಸದ್ದಿನ, ಒಂದೇ ಗುಂಡಿನ, ನೋಡಿದಲ್ಲಿಗೆ ಹೋಗುವ ಬಂದೂಕು. ಅಂಥದ್ದು ಎಲ್ಲೋ ಇದೆ, ಸಿಕ್ಕೇ ಸಿಗುತ್ತದೆ ಎಂಬ ಖಾತ್ರಿ ನನಗಿತ್ತು.

ಸಿಕ್ಕದ್ದು ಉದಗೀರಿನಲ್ಲಿ. ಕುಸುಬಿ ಮಾರಲು ಹೋದಾಗ ಅಡತಿಯವರು ಕೋಟೆಯ ಕಡೆಯ ಓಣಿಯಲ್ಲಿದ್ದ ಒಬ್ಬ ಮುದಿ ಸಿಪಾಯಿಯ ಮನೆ ತೋರಿಸಿದರು. ಯಾವನೋ ಇಂಗ್ಲಿಷ್ ಸಾಹೇಬ ತನ್ನ ದೇಶಕ್ಕೆ ಮರಳುವಾಗ ಆ ಸಿಪಾಯಿಗೆ ಒಂದು ಬಂದೂಕು ಕೊಟ್ಟು ಹೋಗಿದ್ದನಂತೆ. ಮುದುಕ ಅದನ್ನು ಮೆತ್ತನೆಯ ಬಟ್ಟೆ ಬಿಚ್ಚಿ ಮಂಚದ ಮೇಲಿಟ್ಟ. ತೆಳ್ಳಗಿನ ನಳಿಗೆ, ಜಿಂಕೆಯ ಕಾಲಿನಂಥ ಹಗುರ. ಗುಂಡು ಒಂದು ಸೇಂಗಾಕಾಳಿಗಿಂತ ದೊಡ್ಡದಲ್ಲ.

"ಕವ್ವೆ ಮಾರನೇ ಕೀ ಬಂದೂಕ ಹೈ, ಬಾವಾ. ಶೇರ ಕೂ ನಕ್ಕೋ ದಿಖಾವ, ಹಸೇಂಗಾ" ಎಂದ. ಸಾಹೇಬರ ದೇಶದಲ್ಲಿ ಕಾಗೆ ಹೊಡೆಯಲು ಮಾಡಿದ ಬಂದೂಕಂತೆ, ಹುಲಿಗೆ ತೋರಿಸಿದರೆ ನಕ್ಕೀತಂತೆ.

ಊರ ಹೊರಗೆ ಹೋಗಿ, ಪಾಳುಗೋಡೆಯ ಮೇಲೆ ಒಂದು ಮಡಕೆ ಚೂರಿಟ್ಟು ನನ್ನ ಕೈಗೆ ಕೊಟ್ಟ. ನಾನು ಗುರಿ ನೋಡಿ ಕುದುರೆ ಎಳೆದೆ. ಒಣಗಿದ ತೊಗರಿ ಕಟ್ಟಿಗೆ ಮುರಿದಷ್ಟು ಸದ್ದು. ಚೂರು ಅಲ್ಲಿರಲಿಲ್ಲ. ಅಲ್ಲಿಗೆ ನನ್ನ ಮನಸ್ಸು ತೀರ್ಮಾನ ಮಾಡಿತು.

ಬಂದೂಕಿಗೆ ಬದಲಾಗಿ ಮುದುಕನಿಗೆ ಬೇಕಾದದ್ದು ಹಾಲು. ಮನೆಯಲ್ಲಿ ಬೆಳೆಸಿದ್ದ ದೇವಣಿ ತಳಿಯ ಕಡಸು ಗಬ್ಬವಾಗಿತ್ತು, ಅದನ್ನು ಹೊಡೆದುಕೊಂಡು ಹೋಗಿ ಅವನ ಅಂಗಳದಲ್ಲಿ ಕಟ್ಟಿದೆ. ತಹಸೀಲಿನಲ್ಲಿ ಪರವಾನಗಿ ನನ್ನ ಹೆಸರಿಗಾದ ಮೇಲೆ ಬಂದೂಕು, ಒಂದು ಚೀಲ ಖಾಲಿ ಕಾಡತೂಸು, ಗುಂಡು ಎರೆಯುವ ಅಚ್ಚು ಹೊತ್ತು ಮನೆಗೆ ಬಂದೆ.

ಅಪ್ಪ ಪಡಸಾಲೆಯಲ್ಲಿ ಕುಳಿತಿದ್ದರು. "ಆಕಳಾ ಕೊಟ್ಟು ಕೊಳವಿ ತಂದೀಯೇನೋ?" ಎಂದರು. "ಲಿಂಗ ಕಟ್ಟಿದ ಮನಿಯಾಗ ಇದೆಂಥಾ ಹಡಬಿಟ್ಟಿ ಸಾಮಾನ!"

"ಅಪ್ಪಾ, ಇದು ತಿನ್ಲಾಕ ಹೊಡ್ಯೂದಲ್ಲ. ಹೊಲಾ ಕಾಯ್ಲಾಕ."

"ನರಿಗೂ ಶಿವನೇ ಹೊಟ್ಟಿ ಕೊಟ್ಟಾನ" ಎಂದು ಎದ್ದು ಹೋದರು. ಎಷ್ಟೋ ದಿನ ಆ ಬಂದೂಕಿನ ಕಡೆ ತಿರುಗಿಯೂ ನೋಡಲಿಲ್ಲ.

ಬೇರೆಯವರ ತಕರಾರು ಕಾಡತೂಸಿನದು. ಉಮರಗಾದಲ್ಲಿ ಬಟ್ಟೆ ಅಂಗಡಿಯಿದ್ದ ನನ್ನ ಗೆಳೆಯ ಮಾಲು ತರಲು ಸೊಲ್ಲಾಪುರಕ್ಕೆ ಹೋಗುವಾಗಲೆಲ್ಲ ಒಂದು ಖಾಲಿ ಕಾಡತೂಸನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ ಬಂದೂಕಿನ ಅಂಗಡಿಯಲ್ಲಿ ತೋರಿಸಿ ಹಾಗೆಯೇ ವಾಪಸ್ ತರುತ್ತಿದ್ದ. "ಅಂಗಡಿಯಂವಾ ನಗ್ತಾನೋ ಮಾರಾಯಾ. ಈ ಅಳತಿ ನಾ ಹುಟ್ಟಿದಾಗಿಂದ ನೋಡಿಲ್ಲ ಅಂತಾನ. ಮಂದಿ ಹಾಂಗ ದೊಡ್ಡ ಬಂದೂಕ ತಗೋ" ಎಂದ.

ನನಗೆ ಅದೇ ಹೆಮ್ಮೆಯಾಯಿತು. ಸಿಗದಿದ್ದರೆ ಮಾಡಿಕೊಳ್ಳುವುದು. ಸೀಸ ಕರಗಿಸಿ ಅಚ್ಚಿಗೆ ಎರೆದು, ಮದ್ದು ತುಂಬಿ, ಹಿಂದೆ ಕಿಡಿ ಹೊತ್ತಿಸುವ ಹೊಸ ಟೋಪಿ ಕೂರಿಸಿ, ಖಾಲಿ ಕಾಡತೂಸುಗಳನ್ನೇ ಮತ್ತೆ ಮತ್ತೆ ಬಳಸಿದೆ. ಮೊದಮೊದಲು ಗುಂಡು ಗುರಿಯ ಮುಂದೆಯೇ ಮಣ್ಣು ತಿನ್ನುತ್ತಿತ್ತು. ತಪ್ಪಿದ್ದೆಲ್ಲಿ ಎಂದು ನೋಡಿ ನೋಡಿ ಸರಿಮಾಡಿಕೊಂಡೆ. ಮಾಘದ ಹೊತ್ತಿಗೆ ಬಾವಿಯ ಆಚೆ ದಂಡೆಯ ಮೇಲಿಟ್ಟ ನಿಂಬೆಹಣ್ಣು ಉಳಿಯುತ್ತಿರಲಿಲ್ಲ.

ಹೆಂಡತಿ ಇದನ್ನೆಲ್ಲ ನೋಡುತ್ತಿದ್ದಳು. ಒಂದು ಸಂಜೆ, "ನನಗೂ ಕೊಡ್ರಿ ಒಂದ್ ಸಲ" ಎಂದಳು. ಆಕೆ ನಿಲಂಗಾದವಳು. ಜೋಳದ ಹೊಲದ ಅಟ್ಟದ ಮೇಲೆ ನಿಂತು ಕವಣೆ ಬೀಸಿ ಹಕ್ಕಿ ಓಡಿಸುತ್ತಾ ಬೆಳೆದವಳು. ಗುರಿ ನೋಡುವುದು ಆಕೆಗೆ ಯಾರೂ ಕಲಿಸಬೇಕಾಗಿರಲಿಲ್ಲ. ಉಸಿರು ಹಿಡಿಯುವುದನ್ನಷ್ಟೇ ಹೇಳಿಕೊಟ್ಟೆ. ಮೊದಲ ಗುಂಡು ನಿಂಬೆಹಣ್ಣಿನ ಸಿಪ್ಪೆ ಸವರಿತು. ಎರಡನೆಯದಕ್ಕೆ ಹಣ್ಣೇ ಇಲ್ಲ. ಆಕೆ ನಕ್ಕ ನಗೆ ಬಾವಿಯೊಳಗೆಲ್ಲ ಕೇಳಿಸಿತು. ಅಂದಿನಿಂದ ಬಂದೂಕು ನಮ್ಮಿಬ್ಬರದಾಯಿತು. ಗುಂಡು ಎರೆಯುವುದು ನಾನು, ಮದ್ದು ಅಳೆಯುವುದು ಆಕೆ.

ಮುಂದಿನ ಸೇಂಗಾ ಹಂಗಾಮಿನಲ್ಲಿ ಊರ ಸುತ್ತ ಒಂದು ಹುಚ್ಚು ನರಿ ತಿರುಗುತ್ತಿದೆ ಎಂಬ ಸುದ್ದಿ ಹಬ್ಬಿತು. ಅದು ಕಚ್ಚಿದ ಒಂದು ಎಮ್ಮೆ ಸತ್ತೂ ಹೋಗಿತ್ತು. ಅಪ್ಪ ಅದಕ್ಕೆಲ್ಲ ಜಗ್ಗುವವರಲ್ಲ. ಎಂದಿನಂತೆ ಬೆಳಿಗ್ಗೆ ಬಾವಿಯಲ್ಲಿ ಮಿಂದು, ಬೇವಿನ ಕೆಳಗೆ ವಿಭೂತಿ ಧರಿಸಿ, ಅಂಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕುಳಿತರು. ನಾನು ಎತ್ತು ಕಟ್ಟಿ ಮೊಟ್ಟೆ ಹೊಡೆದು ಬಾವಿಯ ನೀರೆತ್ತುತ್ತಿದ್ದೆ. ಹೆಂಡತಿ ಹೊಲ ಕಾಯುವ ಅಟ್ಟದ ಮೇಲಿದ್ದಳು, ಬಂದೂಕು ಅವಳ ಹತ್ತಿರವಿತ್ತು.

ನೀರಿನ ಕಾಲುವೆ ಹಿಡಿದು ಅದು ಬಂತು. ಹಾಡುಹಗಲಲ್ಲಿ, ತಲೆ ಜೋತು, ಬಾಯಿಂದ ಜೊಲ್ಲು ಸುರಿಸುತ್ತ, ಓಲಾಡುತ್ತ ನೇರ ಬೇವಿನ ಕಡೆಗೇ. ನಾನು "ಅಪ್ಪಾ! ಏಳ್ರಿ!" ಎಂದು ಕೂಗಿದೆ. ಅವರು ಕಣ್ಣು ತೆರೆದು ನೋಡಿದರು. ಲಿಂಗ ಹಿಡಿದ ಕೈ ಅಲುಗಲಿಲ್ಲ, ಏಳಲೂ ಇಲ್ಲ. ನಾನಿದ್ದದ್ದು ಬಾವಿಯ ಆಚೆ, ದಾಟಿ ಓಡುವಷ್ಟು ಹೊತ್ತಿರಲಿಲ್ಲ. ಚರೆಯ ಬಂದೂಕಾಗಿದ್ದರೆ ಯಾರೂ ಹಾರಿಸುವಂತಿರಲಿಲ್ಲ, ನರಿಯ ಜೊತೆ ಅಪ್ಪನೂ ಸಿಗುತ್ತಿದ್ದರು.

ಆ ಸಣ್ಣ ಸದ್ದು ಕೇಳಿಸಿತು. ನರಿ ಕಾಲುವೆಯೊಳಗೆ ಮಗ್ಗುಲಾಯಿತು, ಮತ್ತೆ ಏಳಲಿಲ್ಲ.

ಅಪ್ಪ ಪೂಜೆ ಪೂರ್ತಿ ಮುಗಿಸಿದರು. ನನ್ನ ಹೆಂಡತಿ ಅಟ್ಟದಿಂದ ಇಳಿದು ಬಂದು ಬಂದೂಕನ್ನು ಬೇವಿಗೆ ಒರಗಿಸಿ ಕುಳಿತಳು. ಅಪ್ಪ ಲಿಂಗವನ್ನು ಕರಡಿಗೆಯಲ್ಲಿಟ್ಟು, ತಮ್ಮ ಬೆರಳಿಗೆ ಉಳಿದಿದ್ದ ವಿಭೂತಿಯನ್ನು ಅವಳ ಹಣೆಗೆ ಹಚ್ಚಿದರು.

"ಅಂಜಿದ್ಯೇನು ಯವ್ವಾ?"

"ಈಗ ಅಂಜಿಕಿ ಬರ್ಲಿಕತ್ತದ ರೀ ಮಾವಾ. ಆಗ ಬಂದಿದ್ದಿಲ್ಲ."

ಅವರು ನನ್ನ ಕಡೆ ತಿರುಗಿದರು. "ಅದಕ್ಕ ಆಳವಾಗಿ ತೆಗ್ಗು ತೋಡು, ನಾಯಿ ಮುಟ್ಬಾರ್ದು. ಮತ್ತ ಒಂದ್ ಮಾತು ಕೇಳ್ರಿ ಇಬ್ರೂ. ಓಡಿ ಹೋಗೂ ಜೀವಕ್ಕ ಎಂದೂ ಹೊಡೀಬ್ಯಾಡ್ರಿ."

ಆ ಮಾತನ್ನು ನಾವು ನಡೆಸಿದೆವು. ಅಚ್ಚರಿಯೆಂದರೆ, ಸದ್ದು ಕೇಳಿಯೇ ಹೆಚ್ಚಿನ ನರಿಗಳು ನಮ್ಮ ಹೊಲ ಬಿಟ್ಟವು. ಆಮೇಲೆ ಬಂದೂಕು ಬಹುಮಟ್ಟಿಗೆ ನಮ್ಮ ಸಂತೋಷಕ್ಕೇ ಉಳಿಯಿತು. ಉಮರಗಾದ ಗೆಳೆಯ ಛಲ ಬಿಡದೆ ಮುಂಬಯಿಯಿಂದ ಅದೇ ಅಳತೆಯ ಕಾಡತೂಸಿನ ಡಬ್ಬಿಯೊಂದನ್ನು ತರಿಸಿಯೇಬಿಟ್ಟ. ನಾವು ಹಾರಿಸಿ ನೋಡಿದೆವು. "ನಮ್ಮ ಕೈಯಾನವೇ ಛಲೋ ಅವ ರೀ" ಎಂದು ಹೆಂಡತಿ ಡಬ್ಬಿ ಮುಚ್ಚಿ ಗೂಡಿನಲ್ಲಿಟ್ಟಳು. ನಿಜಕ್ಕೂ ಹಾಗೆಯೇ ಇತ್ತು.

ಚಳಿಗಾಲದಲ್ಲಿ ಬಂದೂಕನ್ನೂ ಹೊತ್ತು ನಿಲಂಗಾದ ತವರಿಗೆ ಹೋದಾಗ ಆಕೆಯ ಅಣ್ಣಂದಿರು ನರಿಯ ಕಥೆ ಕೇಳಿ ನಕ್ಕರು. ಹೊಡೆದದ್ದು ನಾನೇ, ತಂಗಿಯ ಹೆಸರು ಹೇಳುತ್ತಿದ್ದೇನೆ ಎಂದು ಅವರ ಅನುಮಾನ. ಆಕೆ ಹಿತ್ತಲ ಹುಣಸೆಯ ಟೊಂಗೆಗೆ ನೂಲಿನಲ್ಲಿ ಒಂದು ಹುಣಸೆಕಾಯಿ ಕಟ್ಟಿ, ದೂರ ನಡೆದು ಬಂದು, ಒಂದೇ ಗುಂಡಿಗೆ ನೂಲನ್ನೇ ಕತ್ತರಿಸಿದಳು. ಅಣ್ಣಂದಿರು ಕೆಳಗೆ ಬಿದ್ದ ಕಾಯಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಾಗ, ಆಕೆ ಇನ್ನೂ ಬಿಸಿಯಾಗಿದ್ದ ಖಾಲಿ ಕಾಡತೂಸನ್ನು ತೆಗೆದು, ಊದಿ, ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.