ತಾಂಡೂರು ದಾಟಿದ ಮೇಲೆ ಸಿಮ್ ಬದಲಿಸುವವರು

"ಸಮಜ್ ಲೋ, ತುಮ್ ಚೋರ್ ಹೋ" ಎಂದರು ಸಲೀಂ ಭಾಯಿ. ನೀನು ಕಳ್ಳಿ ಅಂದುಕೋ, ಎಂದು. ಹೈದರಾಬಾದಿನ ಕೋಠಿಯಲ್ಲಿದ್ದ ಅವರ ಮೊಬೈಲ್ ಅಂಗಡಿಯಲ್ಲಿ ಅದು ನನ್ನ ಮೊದಲ ದಿನ, ಕುರ್ಚಿಯಲ್ಲಿ ಕೂತು ಐದು ನಿಮಿಷವೂ ಆಗಿರಲಿಲ್ಲ. ಮಾನ್ವಿ ಕಡೆಯ ಮರ್ಯಾದಸ್ಥರ ಮನೆಯವಳು ನಾನು, ಮೈಯೆಲ್ಲ ಉರಿದುಹೋಯಿತು. ಅವರು ನಗುತ್ತಲೇ ತಮ್ಮ ಫೋನನ್ನು ನನ್ನ ಕೈಗಿತ್ತು, ಸಿಮ್ ತೆಗೆದು ಬೇರೆಯದು ಹಾಕು ಎಂದರು. ಹಾಕಿದೆ. ಫೋನು ಕಿಟಾರನೆ ಕಿರುಚಿ ತನಗೆ ತಾನೇ ಬೀಗ ಜಡಿದುಕೊಂಡಿತು. ಮರುಕ್ಷಣ ಅವರ ಇನ್ನೊಂದು ಫೋನಿಗೆ ಆ ಹೊಸ ಸಿಮ್ಮಿನ ನಂಬರಿನಿಂದಲೇ ಮೆಸೇಜು ಬಂತು: ಈ ಫೋನು ಕಳುವಾಗಿದೆ. ಗಿರಾಕಿಗಳ ಫೋನಿಗೆ ಅವರು ಹಾಕಿಕೊಡುತ್ತಿದ್ದ, ಕಳವು ತಡೆಯುವ ಸಾಫ್ಟ್‌ವೇರಿನ ಕೆಲಸ ಇದು. ನನ್ನ ಸಿಟ್ಟು ಎಲ್ಲಿ ಹೋಯಿತೋ ಏನೋ, ಇನ್ನೊಮ್ಮೆ ಮಾಡಿ ನೋಡಲೇ ಎಂದು ಕೇಳಿದೆ.

ಊರಿನ ಆಚೆ ತುದಿಯಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ ಅದು. ನಾವಿದ್ದದ್ದು ಈಚೆ ತುದಿಯ ದಿಲ್‌ಸುಖ್‌ನಗರದಲ್ಲಿ. ನನ್ನ ಗಂಡ ಸುಲ್ತಾನ್ ಬಜಾರಿನ ಬಟ್ಟೆ ಅಂಗಡಿಯೊಂದರಲ್ಲಿ ನೌಕರ. ಹೈದರಾಬಾದು ನನ್ನನ್ನು ದಿನಕ್ಕೊಂದು ಸಲವಾದರೂ ಬೇಸ್ತು ಬೀಳಿಸುತ್ತಿತ್ತು. ಮನೆಯೊಡತಿ ಗೋಂಗೂರ ಅಂತ ಹೊಗಳಿ ಹೊಗಳಿ ಬಡಿಸಿದ್ದು ನೋಡಿದರೆ ನಮ್ಮೂರಿನ ಅದೇ ಹುಳಿಸೊಪ್ಪು, ಪುಂಡಿಪಲ್ಲೆ. ಸಲೀಂ ಭಾಯಿಯ "ಪರ್ಸೋಂ" ಮೊನ್ನೆಯೂ ಆಗಬಹುದು, ಹೋದ ವರ್ಷವೂ ಆಗಬಹುದು. ನಮ್ಮೂರಲ್ಲಿ ಎದುರಿಗೆ ಬಂದವರೆಲ್ಲ ಊಟ ಆಯ್ತೇನ ಅಂತ ಕೇಳುತ್ತಿದ್ದರು, ಇಲ್ಲಿ ನಾನು ಇಡೀ ದಿನ ಮೂರು ಭಾಷೆಯಲ್ಲಿ ಮಾತಾಡಿದರೂ ಯಾರೂ ಅದನ್ನು ಕೇಳುತ್ತಿರಲಿಲ್ಲ. ಅದೊಂದು ಭಾಳ ಕಾಡುತ್ತಿತ್ತು.

ಹಾಗಾಗಿ ಭೀಮಣ್ಣ ಎಂಬ ಗಿರಾಕಿ ಅಂಗಡಿಗೆ ಬಂದು ಅರ್ಧಂಬರ್ಧ ಹಿಂದಿಯಲ್ಲಿ ತಡವರಿಸಿದಾಗ ನಾನೇ ಬಾಯಿ ಹಾಕಿದೆ. "ಯಾವೂರಾತು?"

ಅವನ ಮುಖ ಅರಳಿತು. "ಸೇಡಂ ಬಾಜೂಕ್ರಿ ಅಕ್ಕಾರ. ಇಲ್ಲಿ ಗೌಂಡಿ ಕೆಲಸ ಮಾಡಾಕತ್ತೀನ್ರಿ."

ಸಿಮೆಂಟು ಮೆತ್ತಿದ ಫೋನನ್ನು ಅವನು ಕರವಸ್ತ್ರದಲ್ಲಿ ಸುತ್ತಿ ತಂದಿದ್ದ. ಅದರಲ್ಲಿ ತಂಗಿಯ ಮದುವೆಯಲ್ಲಿ ಅವನ ಅವ್ವ ಹಾಡಿದ ಸೋಬಾನೆ ಪದ ಇತ್ತು. ಅವ್ವ ತೀರಿಕೊಂಡಿದ್ದಳು, ಹಾಡು ಇನ್ನೆಲ್ಲಿಯೂ ಇರಲಿಲ್ಲ. "ಫೋನ್ ಹೋದ್ರ ಹೋಗಲಿ, ನಮ್ಮವ್ವನ ದನಿ ಹೋಗಬಾರದ್ರಿ" ಎಂದ. ಬ್ಲೂಟೂತ್ ಇಲ್ಲದ ಹಳೇ ಸೆಟ್ಟು, ಹಾಡನ್ನು ಬೇರೆ ಕಡೆ ಇಳಿಸಲು ನಮ್ಮಲ್ಲಿ ಅದಕ್ಕೆ ಹೊಂದುವ ಕೇಬಲ್ ಇರಲಿಲ್ಲ. ಕಳವು ತಡೆಯುವ ಸಾಫ್ಟ್‌ವೇರ್ ಮಾತ್ರ ಫೋನಿನ ಇಂಟರ್ನೆಟ್ಟಿನಿಂದಲೇ ಇಳಿದು ಹೇಗೋ ಕೂತಿತು. ಮೆಸೇಜು ಯಾರ ನಂಬರಿಗೆ ಹೋಗಬೇಕು ಎಂದು ಕೇಳಿದೆ. ಮನೆಯಲ್ಲಿ ಇಂಗ್ಲಿಷ್ ಓದುವವರಿಲ್ಲ, ನಿಮ್ಮದೇ ಹಾಕ್ರಿ ಎಂದ. ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದುಕೊಟ್ಟೆ. ಮೂರು ಸಲ ತಪ್ಪು ಒತ್ತಿದರೆ ಫೋನಿನೊಳಗಿನದೆಲ್ಲ ಅಳಿಸಿಹೋಗುವ ಹಾಗೆಯೂ ಮಾಡಿದೆ. ಬಂದೋಬಸ್ತು ಜೋರಾಗಿರಲಿ ಎಂಬ ಹುರುಪು ನನ್ನದು.

ಎರಡು ವಾರದ ನಂತರ, ಒಂದು ಮಧ್ಯಾಹ್ನ, ನನ್ನ ಫೋನಿಗೆ ಗುರುತಿಲ್ಲದ ಕರ್ನಾಟಕದ ನಂಬರಿನಿಂದ ಮೆಸೇಜು ಬಂತು: ಭೀಮಣ್ಣನ ಫೋನು ಕಳುವಾಗಿದೆ. ಅಯ್ಯೋ ಪಾಪ ಅಂದುಕೊಂಡೆ. ಕಳ್ಳ ಕರ್ನಾಟಕಕ್ಕೆ ಯಾಕೆ ಹೋದ ಅಂತ ಯೋಚಿಸುವಷ್ಟರಲ್ಲಿ ಹೊಳೆಯಿತು. ನಮ್ಮ ಜನ ಊರಿಗೆ ಹೋಗುವಾಗ ರೈಲು ಗಡಿಯ ತಾಂಡೂರು ದಾಟಿದ್ದೇ ತಡ, ಆಂಧ್ರದ ಸಿಮ್ ತೆಗೆದು ಕರ್ನಾಟಕದ್ದು ಹಾಕುತ್ತಾರೆ. ರೋಮಿಂಗ್ ದಂಡ ಯಾರು ಕಟ್ಟುತ್ತಾರೆ? ಡಬ್ಬಿ ತುಂಬ ಎಲ್ಲರೂ ಹಲ್ಲಿನಲ್ಲಿ ಒಂದು ಸಿಮ್ ಕಚ್ಚಿಕೊಂಡು ಇನ್ನೊಂದನ್ನು ಸಿಕ್ಕಿಸುತ್ತಿರುತ್ತಾರೆ. ಇದನ್ನು ನಾನು ಹೇಗೆ ಮರೆತೆ?

ಆ ನಂಬರಿಗೆ ಕರೆ ಮಾಡಿದೆ. ಬೀಗ ಬಿದ್ದ ಫೋನಿನಲ್ಲೂ ಒಳಬರುವ ಕರೆ ಎತ್ತಬಹುದಿತ್ತು.

"ಅಕ್ಕಾರ, ಫೋನ್ ಬಂಬಡಿ ಹೊಡಿಯಾಕತ್ತೈತ್ರಿ! ಡಬ್ಬಿಯಾಗಿನ ಮಂದಿ ನನ್ನ ಕಳ್ಳನ್ನ ನೋಡಿದಂಗ ನೋಡಾಕತ್ತಾರ. ಚೀಟಿ ಹೈದರಾಬಾದಿನ ಖೋಲ್ಯಾಗ ಉಳದೈತಿ. ಎರಡು ಸಲ ಅಂದಾಜಿಲೆ ಒತ್ತೀನಿ..."

"ಕೈ ತಗಿ ಭೀಮಣ್ಣ. ಇನ್ನೊಮ್ಮೆ ತಪ್ಪಿದ್ರ ಹಾಡು ಅಳಿಸಿಹೋಗ್ತದ."

ಸಲೀಂ ಭಾಯಿ ಎಲ್ಲ ಗಿರಾಕಿಗಳ ಪಾಸ್‌ವರ್ಡ್ ಬರೆದಿಡುವ ಒಂದು ರಿಜಿಸ್ಟರ್ ಇತ್ತು. ಭದ್ರತೆಯ ಅಂಗಡಿಯಲ್ಲಿ ಅದಕ್ಕಿಂತ ದೊಡ್ಡ ತೂತು ಇನ್ನೊಂದಿರಲಿಲ್ಲ, ಆವತ್ತು ಅದೇ ದೇವರಾಯಿತು. ನಾಲ್ಕು ಅಂಕಿ ಹೇಳಿದೆ. ಅವನ ಬಾಯಿಂದ ಎರಡು ಸಲ ಹೇಳಿಸಿದೆ. "ಫೋನ್ ಇಟ್ಟು, ಸಾವಕಾಶ ಒತ್ತು. ಹಾಡು ಇದ್ರ ಒಂದು ಮಿಸ್ಡ್ ಕಾಲ್ ಕೊಡು."

ಎದುರಿಗೆ ಗಿರಾಕಿ ನಿಂತು ಏನೋ ಕೇಳುತ್ತಿದ್ದ, ನನ್ನ ಕಿವಿಗೆ ಬೀಳಲಿಲ್ಲ. ಸತ್ತವಳ ದನಿಯನ್ನು ಮತ್ತೊಮ್ಮೆ ಕೊಲ್ಲುತ್ತಿದ್ದೇನೆ ಅನ್ನಿಸುತ್ತಿತ್ತು. ಬಹಳ ಹೊತ್ತಿನ ಮೇಲೆ ಫೋನು ಒಂದೇ ಒಂದು ಸಲ ಗುಂಯ್‌ಗುಟ್ಟಿ ನಿಂತಿತು. ನಾನು ಅಲ್ಲೇ ಅತ್ತುಬಿಟ್ಟೆ.

ಊರಿಂದ ಬಂದ ಭೀಮಣ್ಣ ನೇರ ಅಂಗಡಿಗೆ ಬಂದ. ಮಾಲೀಕನ ಸಿಮ್ ಎಂದು ಒಂದನ್ನು ಮಾತ್ರ ಗುರುತು ಮಾಡಲು ಬರುತ್ತದೆ, ಯಾವುದನ್ನು ಇಡಲಿ ಎಂದು ಕೇಳಿದೆ.

"ಎರಡೂ ನನ್ನವೇ ಅಲ್ರಿ? ತಗದಬಿಡ್ರಿ ಇದನ್ನ. ಕಳ್ಳ ಒಯ್ದ್ರ ಒಯ್ಲಿ. ಊರಿಗೆ ಹೊಂಟಾಗೊಮ್ಮೆ ನಾನೇ ಕಳ್ಳ ಅನಿಸ್ಕೊಳ್ಳೋದು ಬ್ಯಾಡ."

ತೆಗೆದೆ. ಈ ಸಲ ಹೊಂದುವ ಕೇಬಲ್ ತರಿಸಿದ್ದೆ, ಹಾಡನ್ನು ಸೀಡಿಗೆ ಇಳಿಸಿಕೊಟ್ಟೆ. ಹೊರಡುವಾಗ ಅವನು ಕೇಳಿದ: "ನಿಮ್ಮ ಫೋನಿನ್ಯಾಗೂ ಇದು ಐತೇನ್ರಿ? ನೀವು ಊರಿಗೆ ಹೋದಾಗ ಹ್ಯಾಂಗ ಮಾಡ್ತೀರಿ?"

ನನ್ನ ಫೋನಿನಲ್ಲೂ ಇತ್ತು, ಒಂದು ಸಲವೂ ಕಿರುಚಿರಲಿಲ್ಲ. ಇವತ್ತು ನಾಳೆ ಎನ್ನುತ್ತ ನಾನು ಊರಿಗೆ ಹೋಗದೆ ಒಂದು ವರ್ಷದ ಮೇಲಾಗಿತ್ತು.

ಆ ಸಂಜೆ ಟ್ರಂಕಿನ ತಳದಿಂದ ನನ್ನ ಕರ್ನಾಟಕದ ಸಿಮ್ ಹುಡುಕಿ ಹಾಕಿದೆ. ಫೋನು ನನ್ನನ್ನೇ ಕಳ್ಳಿ ಅಂದುಕೊಂಡು ಅರಚಿತು. ಪಾಸ್‌ವರ್ಡ್ ಒತ್ತಿ ಸಮಾಧಾನ ಮಾಡಿ, ಸಿಗ್ನಲ್ಲಿಗೆ ಕಾದೆ. ಬರಲಿಲ್ಲ. ಅಷ್ಟು ದಿನ ಬಳಸದ ಆ ನಂಬರನ್ನು ಊರ ಕಡೆಯ ಕಂಪನಿಯವರು ಬಂದ್ ಮಾಡಿಬಿಟ್ಟಿದ್ದರು.